ಕಾರಿನ ಸಾಲಕ್ಕೆ ಮೊದಲು ಮನೆಯ ಲೆಕ್ಕ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲೂಕುಗಳ ಮುಸ್ಲಿಮ್ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ನಮ್ಮ ಈ ನಾಲ್ಕು ತಾಲೂಕುಗಳು ಮಳೆಯ ದಯೆಯಲ್ಲಿ ಬದುಕುವ ಪ್ರದೇಶಗಳು. ಕಡಲೆಕಾಯಿ ಕೈಹಿಡಿದ ವರ್ಷ ಅಂಗಡಿಯಲ್ಲಿ ವ್ಯಾಪಾರವಿರುತ್ತದೆ. ಕೈಕೊಟ್ಟ ವರ್ಷ ಮನೆಯಲ್ಲಿ ಸಾಲವಿರುತ್ತದೆ. ಭೂಮಿಯಿಲ್ಲದ, ಬಂಡವಾಳವಿಲ್ಲದ ನಮ್ಮ ಯುವಕರಲ್ಲಿ ಅನೇಕರು ಸ್ಟಿಯರಿಂಗ್ ಹಿಡಿದಿದ್ದಾರೆ. ಶಿರಾದ ಹೆದ್ದಾರಿಯಲ್ಲಿ, ಪಾವಗಡದಿಂದ ಬೆಂಗಳೂರಿನ ಆಸ್ಪತ್ರೆಗಳ ದಾರಿಯಲ್ಲಿ ಬೇರೆಯವರ ಕಾರನ್ನು ದಿನಗೂಲಿಗೆ ಓಡಿಸುತ್ತಿದ್ದಾರೆ. ತನ್ನ ಹೆಸರಿನಲ್ಲೇ ಒಂದು ಕಾರಿರಬೇಕು ಎಂಬ ಆಸೆ ಅವರಲ್ಲಿ ಮೂಡುವುದು ಸಹಜ. ಅದು ಆಡಂಬರವಲ್ಲ, ಜೀವನೋಪಾಯದ ಹಂಬಲ. ಆದರೆ ಬ್ಯಾಂಕಿನ ಬಾಗಿಲಲ್ಲಿ ಅವರಿಗೆ ಸಿಗುವ ಉತ್ತರ ಒಂದೇ: “ನಿಮ್ಮ ಸಿಬಿಲ್ ಸರಿಯಿಲ್ಲ.”

ಕೆಲ ಸಮಯದ ಹಿಂದೆ ಇಂತಹ ಒಂದು ದಂಪತಿ ನಮ್ಮನ್ನು ಭೇಟಿಯಾದರು. ಹತ್ತು ವರ್ಷಗಳಿಂದ ಕಾರು ಓಡಿಸುತ್ತಿರುವ ಪತಿ. ಮನೆಯಲ್ಲೇ ಬಟ್ಟೆ ಹೊಲಿಯುವ ಪತ್ನಿ. ಸಾಲಕ್ಕೆ ಇಬ್ಬರೂ ಜಂಟಿಯಾಗಿ ಅರ್ಜಿ ಹಾಕಿದ್ದರು. ಬ್ಯಾಂಕಿನ ಮೇಜಿನ ಮುಂದೆ ಎರಡು ಸತ್ಯಗಳು ಒಮ್ಮೆಲೇ ಹೊರಬಿದ್ದವು. ಪತಿ ಹಿಂದೆ ಬೈಕಿಗೆಂದು ಪಡೆದ ಸಾಲವನ್ನು ಅರ್ಧಕ್ಕೆ ‘ಸೆಟಲ್’ ಮಾಡಿಕೊಂಡಿದ್ದರು. ಇದು ಪತ್ನಿಗೆ ಗೊತ್ತಿರಲಿಲ್ಲ. ಪತ್ನಿಯ ಹೆಸರಿನಲ್ಲಿ ಮೂರು ಸ್ವಸಹಾಯ ಮತ್ತು ಮೈಕ್ರೋಫೈನಾನ್ಸ್ ಸಾಲಗಳಿದ್ದವು. ಅವುಗಳಲ್ಲೊಂದನ್ನು ತನ್ನ ತಮ್ಮನ ಮದುವೆಗಾಗಿ ಪಡೆದು ಕಂತು ತಪ್ಪಿಸಿದ್ದರು. ಇದು ಪತಿಗೆ ಗೊತ್ತಿರಲಿಲ್ಲ. ಆ ಸಹೋದರಿ ನಮ್ಮೊಡನೆ ಹೇಳಿದರು: ಕಾರು ಸಿಗಲಿಲ್ಲವೆಂಬ ನೋವಿಗಿಂತ, ಒಂದೇ ಚಾಪೆಯಲ್ಲಿ ಮಲಗುವವರು ಪರಸ್ಪರ ಮರೆಮಾಚಿದ್ದನ್ನು ಪರಕೀಯನೊಬ್ಬ ಓದಿ ಹೇಳಿದನಲ್ಲ ಎಂಬ ನೋವೇ ದೊಡ್ಡದು.

ಇಂದು ನಾವು ಮಾತನಾಡಬೇಕಾದುದು ಈ ನೋವಿನ ಬಗ್ಗೆಯೇ.

ಮೊದಲು ವಿಷಯವನ್ನು ತಿಳಿದುಕೊಳ್ಳೋಣ. ನಾವು ಪಡೆದ ಸಾಲ, ಕಟ್ಟಿದ ಕಂತು, ತಪ್ಪಿದ ಕಂತು ಎಲ್ಲವನ್ನೂ ಬರೆದಿಡುವ ನಾಲ್ಕು ಸಂಸ್ಥೆಗಳು ದೇಶದಲ್ಲಿವೆ. 2005ರ ಕಾನೂನಿನಡಿ ಅವು ಕೆಲಸ ಮಾಡುತ್ತವೆ. ಅವುಗಳಲ್ಲಿ ಹಳೆಯದು 2000ದಲ್ಲಿ ಸ್ಥಾಪನೆಯಾದ ಸಿಬಿಲ್. ಆ ದಾಖಲೆಯ ಆಧಾರದಲ್ಲಿ 300ರಿಂದ 900ರ ವರೆಗೆ ಅಂಕ ನೀಡಲಾಗುತ್ತದೆ. ಸಾಮಾನ್ಯವಾಗಿ 750ಕ್ಕಿಂತ ಮೇಲಿದ್ದರೆ ಬ್ಯಾಂಕುಗಳು ಸಮಾಧಾನಪಡುತ್ತವೆ. ಕಂತು 90 ದಿನಗಳಿಗೂ ಮಿಕ್ಕಿ ಬಾಕಿಯಾದರೆ ಅದು ಅನುತ್ಪಾದಕ ಸಾಲವೆನಿಸುತ್ತದೆ. ಈ ದಾಖಲೆಯನ್ನು ಕನಿಷ್ಠ ಏಳು ವರ್ಷ ಉಳಿಸಿಕೊಳ್ಳಲಾಗುತ್ತದೆ.

ದಂಪತಿಗೆ ಜಂಟಿ ಅಂಕ ಎಂಬುದಿಲ್ಲ. ನಿಕಾಹ್ ಇಬ್ಬರ ಬದುಕನ್ನು ಒಂದುಗೂಡಿಸುತ್ತದೆಯೇ ಹೊರತು ಸಾಲದ ದಾಖಲೆಯನ್ನಲ್ಲ. ಆದರೆ ಜಂಟಿಯಾಗಿ ಸಹಿ ಹಾಕಿದ ಸಾಲ ಇಬ್ಬರ ದಾಖಲೆಯಲ್ಲೂ ಇರುತ್ತದೆ. ಜಾಮೀನು ನಿಂತವರ ದಾಖಲೆಯಲ್ಲೂ ಇರುತ್ತದೆ. ಮೈಕ್ರೋಫೈನಾನ್ಸ್ ಸಾಲದ ವಿಷಯದಲ್ಲಂತೂ ರಿಸರ್ವ್ ಬ್ಯಾಂಕ್ 2022ರ ನಿಯಮಗಳಲ್ಲಿ ಪತಿ, ಪತ್ನಿ ಮತ್ತು ಅವಿವಾಹಿತ ಮಕ್ಕಳನ್ನು ಒಂದೇ ಕುಟುಂಬವೆಂದು ಎಣಿಸಿದೆ. ಆ ಕುಟುಂಬದ ಒಟ್ಟು ಕಂತು ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂದಿದೆ. ನಮ್ಮ ಮನೆಗಳಲ್ಲಿ ನಡೆಯುವುದೇನು? ಸಾಲ ಹೆಂಡತಿಯ ಹೆಸರಿನಲ್ಲಿ, ಖರ್ಚು ಗಂಡನ ಕೈಯಲ್ಲಿ. ವಾರದ ಕಂತಿನ ದಿನ ಅವಮಾನ ಮಾತ್ರ ಮತ್ತೆ ಹೆಂಡತಿಯ ಪಾಲಿಗೆ! ಮಹ್ರ್ ಮತ್ತು ಒಡವೆ ಆಕೆಯ ಸ್ವಂತ ಸೊತ್ತೆಂದು ನಾವು ಜುಮಾ ಭಾಷಣಗಳಲ್ಲಿ ಹೇಳುತ್ತೇವೆ. ಆಕೆಯ ಹೆಸರು ಕೂಡ ಆಕೆಯ ಸೊತ್ತೆಂದು ಹೇಳುವವರು ಯಾರು?

ಸಹೋದರರೇ, ಇಲ್ಲಿ ನಮ್ಮದೇ ರಾಜ್ಯದ ಒಂದು ಪಾಠವನ್ನು ನೆನಪಿಸಬೇಕು. 2009ರಲ್ಲಿ ಕೋಲಾರದಲ್ಲಿ ಮೈಕ್ರೋಫೈನಾನ್ಸ್ ಸಾಲದ ಬಿಕ್ಕಟ್ಟು ತಲೆದೋರಿತು. ರೇಷ್ಮೆ ಉದ್ಯಮ ಕುಸಿದಿತ್ತು. ಒಬ್ಬೊಬ್ಬ ಮಹಿಳೆಯ ತಲೆಯ ಮೇಲೆ ಹಲವು ಸಂಸ್ಥೆಗಳ ಸಾಲವಿತ್ತು. ಆಗ ಅಲ್ಲಿನ ಅಂಜುಮನ್, ಕಂತು ಕಟ್ಟಬಾರದೆಂದು ಮುಸ್ಲಿಮರಿಗೆ ಕರೆ ಕೊಟ್ಟಿತು. ಅದರ ಬಿಸಿ ಬೇರೆ ಊರುಗಳಿಗೂ ತಟ್ಟಿತು. ಮಹಿಳೆಯರ ಸಂಕಟ ನಿಜವಾಗಿತ್ತು, ಸಂಸ್ಥೆಗಳ ದುರಾಸೆಯೂ ನಿಜವಾಗಿತ್ತು. ಆದರೆ ಆ ಕರೆಯ ನಷ್ಟ ಯಾರಿಗಾಯಿತು? ಕರೆ ಕೊಟ್ಟವರಿಗಲ್ಲ. ಬಾಕಿದಾರರೆಂದು ದಾಖಲಾದದ್ದು ಬೀಡಿ ಕಟ್ಟುವ, ನೂಲು ತೆಗೆಯುವ ಬಡ ಮಹಿಳೆಯರ ಹೆಸರುಗಳು.

ಬಡ್ಡಿ ಹರಾಮ್ ಎಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಬಡ್ಡಿ ಹರಾಮ್ ಎಂಬ ಕಾರಣಕ್ಕೆ ಪಡೆದ ಅಸಲನ್ನೂ ನುಂಗಬಹುದೆಂದು ಇಸ್ಲಾಮ್ ಎಲ್ಲೂ ಕಲಿಸಿಲ್ಲ. ಕುರ್‌ಆನಿನ ಅತಿ ದೀರ್ಘ ವಚನವಾದ ಸೂರಃ ಅಲ್ ಬಕರಃದ 282ನೇ ವಚನವು ನಮಾಝಿನ ಬಗ್ಗೆಯಾಗಲಿ ಉಪವಾಸದ ಬಗ್ಗೆಯಾಗಲಿ ಇರುವುದಲ್ಲ. ಸಾಲವನ್ನು ಬರೆದಿಡಬೇಕೆಂಬ ಬಗ್ಗೆ ಇರುವುದು. ಸಾಲ ಉಳಿಸಿಕೊಂಡು ಮೃತನಾದವನ ಜನಾಝಾ ತಂದಾಗ ಪ್ರವಾದಿ(ಸ)ರು ಸ್ವತಃ ನಮಾಝ್ ನಿರ್ವಹಿಸಲು ಮುಂದಾಗಲಿಲ್ಲ. ಅಬೂ ಕತಾದಃ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಿರ್ವಹಿಸಿದರು. ಅದು ಎರಡು ಮೂರು ದೀನಾರ್‌ಗಳ ಸಾಲವಾಗಿತ್ತು. ಆದ್ದರಿಂದ ಕೆಟ್ಟ ಹೆಸರನ್ನು ಸರಿಪಡಿಸುವುದು ಹೊಸ ಸಾಲಕ್ಕಾಗಿ ಮಾಡುವ ಉಪಾಯವಲ್ಲ. ಹೊಸ ಸಾಲ ಸಿಗಲಿ, ಸಿಗದಿರಲಿ, ಅದು ನಮ್ಮ ಮೇಲಿನ ಅಮಾನತ್.

ಸರಿಪಡಿಸುವುದು ಹೇಗೆ? ಮೊದಲನೆಯದಾಗಿ, ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ವರದಿಯನ್ನು ತರಿಸಿಕೊಳ್ಳಬೇಕು. ರಿಸರ್ವ್ ಬ್ಯಾಂಕಿನ ಆದೇಶದಂತೆ 2017ರಿಂದ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕು. ಇದಕ್ಕಾಗಿ ಏಜೆಂಟನಿಗೆ ಸಾವಿರಾರು ರೂಪಾಯಿ ಕೊಡಬೇಡಿ. ಹಣ ಪಡೆದು ಅಂಕ ಏರಿಸುತ್ತೇವೆ ಎನ್ನುವವರು ಮೋಸಗಾರರು. ಇಬ್ಬರ ವರದಿಯನ್ನೂ ಒಂದೇ ದೀಪದ ಕೆಳಗಿಟ್ಟು ಓದಿರಿ.

ಎರಡನೆಯದಾಗಿ, ತಪ್ಪು ದಾಖಲೆಯಿದ್ದರೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ. ಮೂರನೆಯದಾಗಿ, ‘ಸೆಟಲ್’ ಆದ ಸಾಲ ಮತ್ತು ‘ಕ್ಲೋಸ್’ ಆದ ಸಾಲ ಒಂದೇ ಅಲ್ಲ. ಕಡಿಮೆ ಹಣ ಕೊಟ್ಟು ಮುಗಿಸಿದ್ದು ವರ್ಷಗಟ್ಟಲೆ ಕಲೆಯಾಗಿ ಉಳಿಯುತ್ತದೆ. ಸಾಧ್ಯವಾದಾಗ ಉಳಿದದ್ದನ್ನೂ ಕಟ್ಟಿ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಅದು ವರದಿಯಲ್ಲಿ ದಾಖಲಾಗಿದೆಯೇ ಎಂದು ನೋಡಿರಿ. ನಾಲ್ಕನೆಯದಾಗಿ, ಒಂದು ಬ್ಯಾಂಕ್ ನಿರಾಕರಿಸಿತೆಂದು ಅದೇ ವಾರ ಐದು ಕಡೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ದಾಖಲಾಗುತ್ತದೆ, ಅಂಕ ಇನ್ನಷ್ಟು ಕುಸಿಯುತ್ತದೆ. ಒಂದೆರಡು ವರ್ಷ ಕಂತು ತಪ್ಪದಂತೆ ನಡೆದುಕೊಳ್ಳುವುದಕ್ಕಿಂತ ಬೇರೆ ಮದ್ದಿಲ್ಲ.

ಇನ್ನು ಕಾರಿನ ವಿಷಯ. ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು ‘ಸ್ವಾವಲಂಬಿ ಸಾರಥಿ’ ಯೋಜನೆಯಡಿ ಟ್ಯಾಕ್ಸಿ, ಸರಕು ವಾಹನ ಮತ್ತು ಆಟೋಗೆ ಬೆಲೆಯ ಶೇ. 50ರಷ್ಟು, ಗರಿಷ್ಠ 3 ಲಕ್ಷ ರೂಪಾಯಿ ಸಹಾಯಧನವನ್ನು ನಿಗದಿಪಡಿಸಿದೆ. ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಂಜೂರಾಗಬೇಕು. ಅಂದರೆ ಸರಕಾರ ಕೈ ಚಾಚಿದರೂ ಕೆಟ್ಟ ದಾಖಲೆ ಅಡ್ಡ ನಿಲ್ಲುತ್ತದೆ. 8 ಲಕ್ಷದ ಕಾರಿಗೆ 3 ಲಕ್ಷ ಸಹಾಯಧನ ಸಿಕ್ಕಿತೆಂದಿಟ್ಟುಕೊಳ್ಳೋಣ. ಉಳಿದ 5 ಲಕ್ಷಕ್ಕೆ ಐದು ವರ್ಷಗಳ ಅವಧಿಯಲ್ಲಿ ಶೇ. 10ರ ದರವಾದರೆ ತಿಂಗಳ ಕಂತು ಸುಮಾರು 10,620 ರೂಪಾಯಿ. ಹೆಸರು ಕೆಟ್ಟವನಿಗೆ ಖಾಸಗಿ ಫೈನಾನ್ಸ್ ಶೇ. 16ಕ್ಕೆ ಕೊಟ್ಟರೆ 12,160 ರೂಪಾಯಿ. ಐದು ವರ್ಷಗಳಲ್ಲಿ ಸುಮಾರು 92 ಸಾವಿರ ರೂಪಾಯಿಯ ವ್ಯತ್ಯಾಸ! ಕಂತು ತಪ್ಪಿ ವಾಹನ ಒಪ್ಪಿಸಿದರೂ ಸಾಲ ಮುಗಿಯುವುದಿಲ್ಲ. ಹರಾಜಿನ ಹಣ ಸಾಲದಷ್ಟಿಲ್ಲದಿದ್ದರೆ ಉಳಿದದ್ದು ಬೆನ್ನಟ್ಟುತ್ತದೆ.

ಈ ಲೆಕ್ಕ ಹೇಳಿದ್ದು ಬಡ್ಡಿಗೆ ಅನುಮತಿ ನೀಡಲಿಕ್ಕಲ್ಲ. ಕೂಡಿಟ್ಟು ಹಳೆಯ ಕಾರು ಕೊಳ್ಳಲು, ಪಾಲುದಾರಿಕೆಯಲ್ಲಿ ಓಡಿಸಲು ಸಾಧ್ಯವಿರುವವರು ಬಡ್ಡಿಯ ಹೊಸ್ತಿಲು ತುಳಿಯಬಾರದು. ಬೇರೆ ದಾರಿಯೇ ಇಲ್ಲವೆನ್ನುವವರು ವಿಶ್ವಾಸಾರ್ಹ ಉಲೆಮಾರ ಮುಂದೆ ತಮ್ಮ ಸ್ಥಿತಿಯನ್ನು ಬಿಚ್ಚಿಟ್ಟು ಕೇಳಲಿ. ಮೋಜಿನ ಕಾರಿಗೆ ಮಾತ್ರ ಅನಿವಾರ್ಯತೆಯ ಹೆಸರು ಕೊಡಬೇಡಿ.

ವ್ಯವಸ್ಥೆಯ ತಪ್ಪನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕೆಲವು ಬ್ಯಾಂಕುಗಳು ಮುಸ್ಲಿಮ್ ಬಾಹುಳ್ಯದ ಪ್ರದೇಶಗಳನ್ನು ಸಾಲಕ್ಕೆ ಯೋಗ್ಯವಲ್ಲದ ವಲಯಗಳೆಂದು ಗುರುತಿಸಿರುವುದನ್ನು ಸಾಚಾರ್ ಸಮಿತಿ 2006ರಲ್ಲೇ ಬಯಲು ಮಾಡಿತು. ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಹೇಳಿತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಬಲವಂತದ ವಸೂಲಿಯ ವಿರುದ್ಧ ರಾಜ್ಯವು 2025ರಲ್ಲಿ ಕಾನೂನು ತಂದಿರುವುದು ಸ್ವಾಗತಾರ್ಹ. ಆದರೆ ನೋಂದಾಯಿತ ಸಂಸ್ಥೆಗಳ ಸಾಲವನ್ನು ಅದು ಮನ್ನಾ ಮಾಡುವುದಿಲ್ಲ ಎಂಬುದನ್ನು ಮರೆಯದಿರಿ. ವಸೂಲಿಗಾರರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಬಳಿಕ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಸೂಚಿಸಿದೆ. ಕಂತು ಬಾಕಿಯಿದ್ದ ಮಾತ್ರಕ್ಕೆ ಮಾನ ಬಿಡಬೇಕಾಗಿಲ್ಲ.

ಕೊನೆಯದಾಗಿ, ಜಮಾಅತ್‌ಗಳ ಹೊಣೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗ. ನಮ್ಮ ಮಸೀದಿಗಳ ಝಕಾತ್ ಪಟ್ಟಿಯಲ್ಲಿ ಆ ವರ್ಗ ಎಲ್ಲಿದೆ? ರಮಝಾನಿನಲ್ಲಿ ನೂರು ಮನೆಗಳಿಗೆ ನೂರು ಸೀರೆ ಹಂಚುವ ಬದಲು, ವರ್ಷಕ್ಕೆ ಐದು ಕುಟುಂಬಗಳನ್ನಾದರೂ ಸಾಲದಿಂದ ಬಿಡಿಸಬಾರದೇ? ಬೈತುಲ್ ಮಾಲ್ ಸ್ಥಾಪಿಸುವುದಾದರೆ ಲೆಕ್ಕ ಬಹಿರಂಗವಾಗಿರಲಿ. ‘ಹಲಾಲ್ ಲಾಭ’ದ ಆಮಿಷ ತೋರಿಸಿದ ಬೆಂಗಳೂರಿನ ಐಎಂಎ ಸಂಸ್ಥೆ 2019ರಲ್ಲಿ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಕೊಚ್ಚಿಹೋಯಿತು. ಧರ್ಮದ ಹೆಸರು ಲೆಕ್ಕಪುಸ್ತಕಕ್ಕೆ ಬದಲಿಯಾಗದು.

ಆರಂಭದಲ್ಲಿ ಹೇಳಿದ ದಂಪತಿ ಇನ್ನೂ ಕಾರು ಕೊಂಡಿಲ್ಲ. ಮೂರು ಸಾಲಗಳಲ್ಲಿ ಎರಡು ತೀರಿವೆ. ಬೈಕಿನ ಬಾಕಿಯನ್ನು ಪತಿ ಕಟ್ಟುತ್ತಿದ್ದಾರೆ. ಪ್ರತಿ ತಿಂಗಳ ಮೊದಲ ಶುಕ್ರವಾರ ರಾತ್ರಿ ಇಬ್ಬರೂ ಒಂದು ನೋಟ್‌ಬುಕ್ ಮುಂದಿಟ್ಟು ಕುಳಿತುಕೊಳ್ಳುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ಈಗ ಬರೆಯದ ಸಾಲವಿಲ್ಲ ಎಂದು ಆ ಸಹೋದರಿ ಹೇಳಿದಾಗ ನಮಗೆ ಅನಿಸಿತು, ಬ್ಯಾಂಕ್ ಅವರಿಗೆ ಎಷ್ಟು ಅಂಕ ಕೊಟ್ಟರೂ ಸರಿ, ಆ ಮನೆಯ ವಿಶ್ವಾಸ ಮರಳಿ ಬಂದಿದೆ.

ಸಾಲದ ಭಾರದಿಂದಲೂ ಸಾಲಗಾರರ ದಬ್ಬಾಳಿಕೆಯಿಂದಲೂ ಅಲ್ಲಾಹನು ನಮ್ಮೆಲ್ಲರನ್ನು ಕಾಪಾಡಲಿ. ನಮ್ಮ ಮನೆಗಳಲ್ಲಿ ಬರೆದ ಲೆಕ್ಕವನ್ನೂ ಉಳಿಸಿಕೊಂಡ ಮಾತನ್ನೂ ನೆಲೆಗೊಳಿಸಲಿ. ಆಮೀನ್.