ಹಾಡುವ ಮಕ್ಕಳು, ಹಾಡು ಕಟ್ಟುವ ಮಕ್ಕಳು

(ಸ್ಕೋಫೀಲ್ಡ್ಸ್‌ನಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈಗಷ್ಟೇ ಮಕ್ಕಳ ಹಾಡುಗಳನ್ನು ಕೇಳಿ ನಮ್ಮೆಲ್ಲರ ಮನಸ್ಸು ತುಂಬಿದೆ. ಈ ಸಂತೋಷದ ನಡುವೆಯೇ ಒಂದು ಸಣ್ಣ ಅಳುಕನ್ನೂ ತಮ್ಮ ಮುಂದಿಡುತ್ತೇವೆ. ವೇದಿಕೆ ಹತ್ತುವ ಮುಂಚೆ ಮಕ್ಕಳ ಕೈಯಲ್ಲಿದ್ದ ಹಾಳೆಗಳನ್ನು ತಾವೂ ನೋಡಿರಬಹುದು. ಹಾಡು ಕನ್ನಡದ್ದು, ಅಕ್ಷರ ಇಂಗ್ಲಿಷಿನದು. ಹಾಗೆ ಬರೆದುಕೊಟ್ಟವರು ಬೇರೆ ಯಾರೂ ಅಲ್ಲ, ಅಪ್ಪ ಅಮ್ಮಂದಿರಾದ ನಾವೇ. ಶ್ರುತಿ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಅರ್ಥ ಕೇಳಿದರೆ ಮಾತ್ರ ಮಗು ಅಮ್ಮನ ಮುಖ ನೋಡುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳ ಶಾಲೆಗೆ ಒಬ್ಬ ಸಂಗೀತ ಸಂಯೋಜಕರು ಬಂದಿದ್ದರು. ಆ ಸಂಜೆ ಮನೆಗೆ ಬಂದವಳೇ, “ಇವತ್ತು ನಾವೊಂದು ಹಾಡು ಮಾಡಿದ್ವಿ” ಎಂದಳು. “ಕಲಿತ್ವಿ ಅನ್ನಬೇಕು ಪುಟ್ಟಿ” ಎಂದು ತಿದ್ದಿದೆವು. “ಅಲ್ಲ, ಮಾಡಿದ್ವಿ” ಎಂದು ಅವಳು ನಮ್ಮನ್ನೇ ತಿದ್ದಿದಳು.

ಅವರು ಮಾಡಿಸಿದ್ದು ಬಹಳ ಸರಳ. ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರನ್ನು ಚಪ್ಪಾಳೆಯಲ್ಲಿ ತಟ್ಟಬೇಕು, ಅದೇ ತಾಳ. ಬಳಿಕ ಸೈಲೋಫೋನಿನ ಕೆಲವು ಪಟ್ಟಿಗಳನ್ನು ತೆಗೆದಿಟ್ಟು ಐದೇ ಸ್ವರ ಉಳಿಸಿದರು. ಸ ರಿ ಗ ಪ ದ, ನಮ್ಮ ಮೋಹನ ರಾಗದ ಸ್ವರಗಳೇ! ಯಾವುದನ್ನು ಹೇಗೆ ಬಡಿದರೂ ಕಿವಿಗೆ ಕಟುವಾಗುವುದಿಲ್ಲವಾದ್ದರಿಂದ ಅಂಜುವ ಮಗುವಿಗೂ ಧೈರ್ಯ. ಒಂದು ಗುಂಪು ಸ್ವರದಲ್ಲಿ ಪ್ರಶ್ನೆ ಕೇಳಬೇಕು, ಇನ್ನೊಂದು ಉತ್ತರಿಸಬೇಕು. ಹುಟ್ಟಿದ್ದನ್ನು ದೊಡ್ಡ ಕಾಗದದ ಮೇಲೆ ಗೆರೆ, ಚುಕ್ಕಿಗಳಲ್ಲಿ ಬರೆಯಬೇಕು. ಕೊನೆಗೆ ಅವರು ಕೇಳಿದ ಪ್ರಶ್ನೆ: “ಇದರಲ್ಲಿ ಯಾವುದನ್ನು ತೆಗೆದರೆ ಹಾಡು ಚೆನ್ನಾಗುತ್ತದೆ?” ಬರೆದದ್ದನ್ನು ಮತ್ತೆ ನೋಡಿ ತಿದ್ದುವುದೇ ರಚನೆ ಎಂಬ ಗುಟ್ಟು ಮಕ್ಕಳಿಗೆ ಅಲ್ಲಿ ತಿಳಿಯಿತು.

ಇದು ಹೊಸ ಪ್ರಯೋಗವೇನಲ್ಲ. ಅಮೆರಿಕದಲ್ಲಿ 1959ರಲ್ಲೇ ಫೋರ್ಡ್ ಪ್ರತಿಷ್ಠಾನ ತರುಣ ಸಂಯೋಜಕರನ್ನು ಸರ್ಕಾರಿ ಶಾಲೆಗಳಿಗೆ ಕಳಿಸಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಶಾಲಾ ಮೇಷ್ಟರಾಗಿ ಸೇರಿ ಮಕ್ಕಳಿಂದಲೇ ಸಂಗೀತ ಬರೆಸಿದರು. ಇಲ್ಲಿಯೂ ಅಷ್ಟೆ: 1945ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಮ್ಯೂಸಿಕಾ ವಿವಾ ಸಂಸ್ಥೆ 1981ರಲ್ಲಿ ಶಾಲೆಗಳಿಗೆ ಸಂಗೀತಗಾರರನ್ನು ಕಳಿಸುವ ಕಾರ್ಯಕ್ರಮ ಆರಂಭಿಸಿತು. 2018ರಲ್ಲಿ ತೀರಿಕೊಂಡ ರಿಚರ್ಡ್ ಗಿಲ್ ಅವರು ಸಿಡ್ನಿಯಲ್ಲಿ ಶಾಲಾ ಶಿಕ್ಷಕರಾಗಿದ್ದು, ಮುಂದೆ ಮೆಲ್ಬರ್ನಿನ ವಿಕ್ಟೋರಿಯನ್ ಆಪೆರಾದ ಮೊದಲ ಸಂಗೀತ ನಿರ್ದೇಶಕರಾದವರು. ಮಕ್ಕಳು ತಮ್ಮದೇ ಸಂಗೀತ ಕಟ್ಟಬೇಕೆಂದು ಅವರು ಕಡೆಯವರೆಗೂ ಸಾರಿದರು. ನಮ್ಮ ರಾಜ್ಯದ ಪಠ್ಯಕ್ರಮದಲ್ಲೂ ಹಾಡುವುದು ನುಡಿಸುವುದು, ಕೇಳುವುದು, ರಚಿಸುವುದು ಮೂರಕ್ಕೂ ಸ್ಥಾನವಿದೆ.

ನಮ್ಮ ನಾಡಿನಲ್ಲೂ ದೊಡ್ಡ ವಾಗ್ಗೇಯಕಾರರು ಎಳೆಯರನ್ನು ಮರೆತವರಲ್ಲ. ಸರಳೆ ವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ ನಂಬುತ್ತದೆ. ಮೈಸೂರು ವಾಸುದೇವಾಚಾರ್ಯರು (1865–1961) ಎಂಬತ್ತು ದಾಟಿದ ಮೇಲೆ ಮದ್ರಾಸಿನ ಕಲಾಕ್ಷೇತ್ರಕ್ಕೆ ಹೋಗಿ ಪಾಠ ಹೇಳಿದರು. ಅಲ್ಲಿನ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕಟ್ಟಿದರು. ಆದರೆ ನಮ್ಮ ಪದ್ಧತಿಯಲ್ಲಿ ಸ್ವಂತ ಕಲ್ಪನೆಗೆ ಅವಕಾಶ ಬರುವುದು ವರ್ಷಗಳ ಅಭ್ಯಾಸದ ಬಳಿಕ. ಅದಕ್ಕೆ ಕಾರಣವಿದೆ, ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಬೆಳೆಯುವ ಮಕ್ಕಳಲ್ಲಿ ಎಷ್ಟೋ ಮಂದಿ ಆ ಹಂತ ತಲುಪುವ ಮೊದಲೇ ಕ್ಲಾಸು ಬಿಡುತ್ತಾರೆ.

ಮುಂದೆ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಮಗಳು ಅದೇ ಐದು ಸ್ವರಗಳಲ್ಲಿ ಮಳೆಯ ಮೇಲೆ ಒಂದು ಕನ್ನಡ ಹಾಡು ಕಟ್ಟಲು ಹೊರಟಳು. ಪದ ಸಾಲದೆ ಹಾಸನದ ಅಜ್ಜಿಗೆ ಫೋನ್ ಮಾಡಿದಳು. ಅಲ್ಲಿಯವರೆಗೆ ಅವರಿಬ್ಬರ ಮಾತು “ಊಟ ಆಯ್ತಾ? ಆಯ್ತು ಅಜ್ಜಿ” ಎಂಬಲ್ಲಿಗೆ ಮುಗಿಯುತ್ತಿತ್ತು. ಅಂದು ಅಜ್ಜಿ ಕೇಳಿದರು: “ಯಾವ ಮಳೆ ಪುಟ್ಟಿ? ಸೋನೆಯೋ, ಜಡಿಯೋ, ಆಲಿಕಲ್ಲೋ?” ಒಂದು ಪದ ಕೇಳಿದವಳಿಗೆ ಮೂರು ಸಿಕ್ಕವು. ಹಾಡಿ ತೋರಿಸಿದಾಗ ಅಜ್ಜಿ ನಕ್ಕುಬಿಟ್ಟರು. ಮೊದಲ ಅಕ್ಷರ ಉದ್ದದ ಸ್ವರದ ಮೇಲೆ ಕೂತು, ಮಳೆ ಹೋಗಿ ‘ಮಾಳೆ’ ಆಗಿತ್ತು! ಮಗಳು ಸ್ವಲ್ಪ ಯೋಚಿಸಿ ಪದವನ್ನು ಬಿಟ್ಟು ರಾಗವನ್ನೇ ತಿದ್ದಿದಳು. ಹ್ರಸ್ವ ದೀರ್ಘದ ವ್ಯತ್ಯಾಸವನ್ನು ನಾವು ಎರಡು ವರ್ಷ ಕಾಪಿ ಬರೆಸಿಯೂ ಕಲಿಸಲಾಗಿರಲಿಲ್ಲ. ಐದು ಸ್ವರಗಳು ಒಂದು ಸಂಜೆಯಲ್ಲಿ ಕಲಿಸಿದವು.

ಎಂ.ಬಿ.ಬಿ.ಎಸ್. ಓದುವಾಗ ನಾವೂ ಪುಸ್ತಕ ಬಾಯಿಪಾಠ ಮಾಡಿಯೇ ಪಾಸಾದವರು. ರೆಸಿಡೆನ್ಸಿಯಲ್ಲಿ ರೋಗಿಯ ಪಕ್ಕ ಕೂತು ನಮ್ಮದೇ ಮಾತಿನಲ್ಲಿ ಕೇಸು ಬರೆಯತೊಡಗಿದಾಗಲೇ ಓದಿದ್ದು ನಮ್ಮದಾಯಿತು. ಭಾಷೆಯೂ ಹಾಗೆಯೇ ಎಂದು ನಮ್ಮ ನಂಬಿಕೆ. ಒಪ್ಪಿಸುವವರೆಗೆ ಅದು ಅಪ್ಪ ಅಮ್ಮನದು. ಅದರಲ್ಲಿ ಏನನ್ನಾದರೂ ಕಟ್ಟಿದ ದಿನ ಮಗುವಿನದು.

ಆದ್ದರಿಂದ ನಮ್ಮದೊಂದು ವಿನಂತಿ. ಕರ್ನಾಟಕದಿಂದ ಸಂಗೀತಗಾರರು ಬಂದಾಗ ನಾವು ಕಛೇರಿ ಕೇಳುತ್ತೇವೆ, ಶಾಲು ಹೊದಿಸುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಇನ್ನು ಮೇಲೆ ಅವರಿಂದ ಒಂದು ಬೆಳಗಿನ ಹೊತ್ತನ್ನೂ ಕೇಳೋಣ, ನಮ್ಮ ಕನ್ನಡ ಶಾಲೆಯ ಮಕ್ಕಳಿಗಾಗಿ. ಹಾಡು ಕಲಿಸಲು ಅಲ್ಲ, ಕಟ್ಟಿಸಲು. ಮುಂದಿನ ವಾರ್ಷಿಕೋತ್ಸವದಲ್ಲಿ ಮಕ್ಕಳೇ ರಚಿಸಿದ ಒಂದು ಹಾಡಾದರೂ ಇರಲಿ. ವ್ಯಾಕರಣ ಎಡವಬಹುದು, ರಾಗ ತಡವರಿಸಬಹುದು. ಆದರೆ ಅರ್ಥ ಕೇಳಿದರೆ ಆ ಮಗು ಅಮ್ಮನ ಮುಖ ನೋಡುವುದಿಲ್ಲ, ತಾನೇ ಹೇಳುತ್ತದೆ.