ವಿತ್‌ಡ್ರಾ ಆದ ಮಾತು

(ಹಾವೇರಿಯ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ನಾನು ಸರಕಾರಿ ಇಂಜಿನಿಯರ್ ಆಗಿದ್ದವನು. ಅನುಭಾವದ ಮಾತು ನನಗೆ ಸಲೀಸಲ್ಲ. ನಮ್ಮೆಲ್ಲರ ಬಾಯಲ್ಲಿರುವ ಒಂದು ಇಂಗ್ಲಿಷ್ ಕ್ರಿಯಾಪದದ ಬಗ್ಗೆ ಹೇಳುತ್ತೇನೆ: ವಿತ್‌ಡ್ರಾ. ರೊಕ್ಕ ವಿತ್‌ಡ್ರಾ, ಕೇಸು ವಿತ್‌ಡ್ರಾ, ನಾಮಪತ್ರ ವಿತ್‌ಡ್ರಾ. ಪರಭಾಷೆಯ ಮೇಲೆ ಸಿಟ್ಟಿಲ್ಲ. 'ವಾಪಸ್' ಕೂಡ ಪಾರಸಿಯಿಂದ ಬಂದದ್ದೇ.

ವ್ಯವಹಾರದಲ್ಲಿ ಹಿಂತೆಗೆಯುವುದಕ್ಕೆ ಒಂದು ಗಡಿ ಇರುತ್ತದೆ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತಂದ ರೈತನಿಗೆ ಟೆಂಡರಿನ ದರ ಒಪ್ಪಿಗೆಯಾಗದಿದ್ದರೆ ಮಾಲು ಕೊಡುವುದಿಲ್ಲ ಎನ್ನಬಹುದು. ಚೀಲ ಇನ್ನೂ ಅವನದು. ಒಪ್ಪಿ, ತೂಕವಾಗಿ, ರೊಕ್ಕ ಎಣಿಸಿಕೊಂಡ ಮೇಲೆ ಹಾಗೆನ್ನುವಂತಿಲ್ಲ. ನಾಮಪತ್ರ ಹಿಂಪಡೆಯಲು ಕೊನೆಯ ದಿನ ಮಧ್ಯಾಹ್ನ 3 ಗಂಟೆಯೇ ಗಡಿ. 1951ರ ಜನಪ್ರತಿನಿಧಿ ಕಾಯ್ದೆಯ 37ನೇ ಕಲಮಿನಂತೆ, ಒಮ್ಮೆ ಹಿಂಪಡೆದರೆ ಆ ಹಿಂಪಡೆದದ್ದನ್ನು ರದ್ದು ಮಾಡಲೂ ಬರುವುದಿಲ್ಲ! ನಮ್ಮ ಟೆಂಡರುಗಳಲ್ಲಿ ದರ ಕೊಟ್ಟ ಗುತ್ತಿಗೆದಾರ ಅವಧಿಗೆ ಮೊದಲೇ ಹಿಂದೆ ಸರಿದರೆ ಇಎಂಡಿ ಮುಟ್ಟುಗೋಲು.

ಮಾತಿಗೆ ಮಾತ್ರ ಇದಾವುದೂ ಇಲ್ಲವೆಂದು ನಾನು ತಿಳಿದಿದ್ದೆ.

ಏಳು ವರ್ಷದ ಹಿಂದೆ ಇಂಥದೇ ಗೋಷ್ಠಿಯಲ್ಲಿ ಹರಳಯ್ಯ, ಮಧುವರಸರ ಮನೆತನಗಳ ಸಂಬಂಧದ ಬಗ್ಗೆ ಮುಕ್ಕಾಲು ತಾಸು ಮಾತಾಡಿದೆ. ಚಪ್ಪಾಳೆ ಬಿತ್ತು. ಸಭೆಯಲ್ಲಿ ರಾಣೆಬೆನ್ನೂರಿನ ಹಿರಿಯರೊಬ್ಬರಿದ್ದರು. ಮಡಿವಾಳ ಮನೆತನ, ಇಷ್ಟಲಿಂಗ ಪೂಜೆ ತಪ್ಪಿಸದವರು. ನನ್ನ ಭಾಷಣ ನಂಬಿ, ತಮ್ಮ ಮಗಳಿಗೆ ನನ್ನ ಮಗನನ್ನು ಕೇಳಿದರು. ಹುಡುಗ, ಹುಡುಗಿ ಒಪ್ಪಿದರು. 'ಆಗಲಿ ಯಜಮಾನ್ರ' ಎಂದೆ.

ಆಮೇಲೆ ನಮ್ಮ ಅಣ್ಣತಮ್ಮಂದಿರು ಕೂಡಿದರು. 'ನಾಳೆ ನಮ್ಮನಿ ಹೆಣ್ಣುಮಕ್ಕಳ್ನ ಯಾರು ಕೇಳ್ತಾರ?' ಎಂದರು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮಧ್ಯಸ್ಥರಿಗೆ ಫೋನು ಮಾಡಿ, 'ನಮ್ಮ ಕಡೆಯಿಂದ ವಿತ್‌ಡ್ರಾ ಆಗೈತ್ರಿ' ಎಂದೆ.

'ಮಾಡೇನಿ' ಎನ್ನಲಿಲ್ಲ, 'ಆಗೈತಿ' ಎಂದೆ. ಕಡತದಲ್ಲಿ ಷರಾ ಬರೆದ ಹಾಗೆ. ಕನ್ನಡದಲ್ಲಿ ಹೇಳುವುದಾಗಿದ್ದರೆ 'ಕೊಟ್ಟ ಮಾತಿಗೆ ತಪ್ಪೇನಿ' ಎನ್ನಬೇಕಿತ್ತು. ಅದಕ್ಕೆ ಬಾಯಿ ಬರುತ್ತಿರಲಿಲ್ಲ. ಬ್ಯಾಂಕಿನಿಂದ ತೆಗೆಯುವುದು ನಮ್ಮದೇ ರೊಕ್ಕ. ಕೊಟ್ಟ ಮಾತು ನಮ್ಮದಾಗಿ ಎಲ್ಲಿ ಉಳಿದಿರುತ್ತದೆ? ಅದು ಆಗಲೇ ರಾಣೆಬೆನ್ನೂರಿನ ಆ ಮನೆ ಸೇರಿತ್ತು. ಅಲ್ಲಿ ಸೀರೆ ತರುವ ಮಾತೂ ನಡೆದಿತ್ತಂತೆ. ಎಳೆಹೂಟೆ ಶಿಕ್ಷೆಯ ಮುಂದೆಯೂ ಹರಳಯ್ಯ, ಮಧುವರಸರು ಹಿಂದೆ ಸರಿಯಲಿಲ್ಲವೆಂದು ವೇದಿಕೆಯ ಮೇಲೆ ದೊಡ್ಡ ದನಿಯಲ್ಲಿ ಹೇಳಿದವನು ನಾನೇ. ನನಗೆ ಆನೆ ಬೇಕಾಗಲಿಲ್ಲ, ತಮ್ಮನ ಮುನಿಸು ಸಾಕಾಯಿತು.

ಹೋದ ಶ್ರಾವಣದಲ್ಲಿ ಅವರ ಮನೆಗೆ ಹೋದೆ. 'ಯಜಮಾನ್ರ, ನಾ ಮಾತು ತಪ್ಪೇನಿ' ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವತ್ತ ನೀವ ಬಂದು ಹೇಳಿದ್ರ ಸಾಕಿತ್ರಿ' ಎಂದರು. ಚಹಾ ತರಿಸಿದರು. ತವರಿಗೆ ಬಂದಿದ್ದ ಆ ಹೆಣ್ಣುಮಗಳ ಕೂಸು ಪಡಸಾಲೆಯಲ್ಲಿ ಆಡುತ್ತಿತ್ತು.