ಎಂ.ಎಸ್ಸಿ. ಗಣಿತ ಪ್ರವೇಶ ಪರೀಕ್ಷೆ: ಯಾವ ಪುಸ್ತಕ, ಎಷ್ಟು ಪುಸ್ತಕ?

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಶಿಕ್ಷಣ ಸಮಿತಿಯ ಪರವಾಗಿ ಮಾಡಿದ ಭಾಷಣ)

 

ಮಾನ್ಯ ಅಧ್ಯಕ್ಷರೇ, ಟ್ರಸ್ಟಿನ ಪದಾಧಿಕಾರಿಗಳೇ, ದಾನಿಗಳೇ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಬಂದಿರುವ ತಂದೆತಾಯಿಯರೇ, ಪ್ರೀತಿಯ ಮಕ್ಕಳೇ,

ಈ ವೇದಿಕೆಯಲ್ಲಿ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ನೀಟ್ ವಿಚಾರ ಬರುತ್ತದೆ. ಬಿ.ಎಸ್ಸಿ.ಯಲ್ಲಿ ಗಣಿತ ತೆಗೆದುಕೊಂಡ ಮಕ್ಕಳ ವಿಚಾರ ಬರುವುದಿಲ್ಲ. ಈ ಸಲ ಅವರ ಬಗ್ಗೆ ಹತ್ತು ನಿಮಿಷ ಮಾತಾಡಲು ಅಧ್ಯಕ್ಷರು ಅನುಮತಿ ಕೊಟ್ಟಿದ್ದಾರೆ.

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇವೆ. ತಪ್ಪು ನಮ್ಮದೇ. ಎರಡು ವರ್ಷದ ಹಿಂದೆ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆಯುತ್ತೇವೆಂದು ಬಂದ ಕೆಲವು ಮಕ್ಕಳಿಗೆ ದಾನಿಗಳ ಹಣದಲ್ಲಿ ಕೋಚಿಂಗ್ ಪುಸ್ತಕಗಳ ದೊಡ್ಡ ದೊಡ್ಡ ಕಟ್ಟುಗಳನ್ನು ತರಿಸಿಕೊಟ್ಟೆವು. ಫೋಟೋ ತೆಗೆಸಿದೆವು, ಚಪ್ಪಾಳೆಯೂ ಆಯಿತು. ಪರೀಕ್ಷೆ ಮುಗಿದ ಮೇಲೆ ಪುಸ್ತಕ ವಾಪಸ್ ತರಲು ಒಂದು ಮನೆಗೆ ಹೋದಾಗ, ಹುಡುಗಿಯ ತಾಯಿ ಬೀರು ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದ ಕಟ್ಟನ್ನು ಕೈಗೆ ಕೊಟ್ಟರು. “ಸರ್, ಒಂದು ಹಾಳೆಯೂ ಹಾಳು ಮಾಡಿಲ್ಲ” ಅಂದರು. ಬಿಚ್ಚಿ ನೋಡಿದರೆ ಮೊದಲ ಪುಸ್ತಕದ ಮೂವತ್ತು ಪುಟದವರೆಗೆ ಪೆನ್ಸಿಲ್ ಗುರುತು ಇತ್ತು. ಆಮೇಲೆ ಎಲ್ಲವೂ ಹೊಸದು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ತಲೆ ತಗ್ಗಿಸಬೇಕಾದವರು ನಾವಾಗಿದ್ದೆವು. ಯಾವ ಪುಸ್ತಕ ಯಾಕೆ ಬೇಕು ಎಂದು ಕೇಳದೆಯೇ ಕೊಡಿಸಿದ್ದೆವು.

ಸಮಿತಿಯಲ್ಲಿರುವ ನಾವು ಬಿ.ಎಸ್ಸಿ., ಬಿ.ಎಡ್. ಮಾಡಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಎಂ.ಎಸ್ಸಿ. ಮಾಡಿದವರಲ್ಲ. ಹಾಗಾಗಿ ಆಮೇಲೆ ಪಠ್ಯಕ್ರಮ, ಹಳೆಯ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಮಕ್ಕಳ ಜೊತೆ ನಾವೂ ಕೂತೆವು. ಅಲ್ಲಿ ಕಲಿತದ್ದನ್ನು ಹೇಳುತ್ತೇವೆ.

ಮೊದಲನೆಯದು, ಪುಸ್ತಕ ಕೊಳ್ಳುವ ಮುಂಚೆ ಪರೀಕ್ಷೆ ಯಾವುದೆಂದು ತೀರ್ಮಾನಿಸಿ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದ ಪ್ರವೇಶ ಪ್ರಕಟಣೆ ನೋಡಬೇಕು. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ-ಪಿಜಿ ಇದೆ. ಐಐಟಿಗಳ ಎಂ.ಎಸ್ಸಿ.ಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಜಾಮ್ ಎಂಬ ಪರೀಕ್ಷೆ ಇದೆ. ಇವೆಲ್ಲ ಒಂದೇ ಅಲ್ಲ. ಸಿಯುಇಟಿಯಲ್ಲಿ ಕಾಂಪ್ಲೆಕ್ಸ್ ಅನಾಲಿಸಿಸ್, ಲೀನಿಯರ್ ಪ್ರೋಗ್ರಾಮಿಂಗ್ ಇದೆ. ಜಾಮ್‌ನಲ್ಲಿ ಅವು ಇಲ್ಲ. “ಎಲ್ಲ ಪರೀಕ್ಷೆಗೂ ಒಂದೇ ಪುಸ್ತಕ” ಎಂದು ಮುಖಪುಟದಲ್ಲಿ ಅಚ್ಚಾಗಿದ್ದರೆ, ನಿಮಗೆ ಬೇಡದ ಪುಟಗಳಿಗೂ ದುಡ್ಡು ಕೊಡುತ್ತಿದ್ದೀರಿ ಎಂದು ತಿಳಿಯಿರಿ.

ಎರಡನೆಯದು, ಈ ವರ್ಷದ ಪಠ್ಯಕ್ರಮ ಮುದ್ರಿಸಿ ಗೋಡೆಗೆ ಅಂಟಿಸಿ. ಜಾಮ್ ಗಣಿತದಲ್ಲಿ ಮೂರು ಭಾಗ: ರಿಯಲ್ ಅನಾಲಿಸಿಸ್, ಹಲವು ಚರಗಳ ಕಲನಶಾಸ್ತ್ರ ಮತ್ತು ಡಿಫರೆನ್ಷಿಯಲ್ ಸಮೀಕರಣ, ಲೀನಿಯರ್ ಆಲ್ಜೀಬ್ರಾ ಮತ್ತು ಗ್ರೂಪ್ ಥಿಯರಿ. ತಂದೆತಾಯಿಯರಿಗೆ ಹೇಳುವುದಾದರೆ, ಇದರಲ್ಲಿ ಬಹುಪಾಲು ನಿಮ್ಮ ಮಕ್ಕಳು ಬಿ.ಎಸ್ಸಿ.ಯಲ್ಲಿ ಓದುತ್ತಿರುವ ಪಾಠವೇ. ಕಾಲೇಜಿನ ಪಾಠ ಬೇರೆ, ಪ್ರವೇಶ ಪರೀಕ್ಷೆ ಬೇರೆ ಎಂದುಕೊಂಡು ಕಾಲೇಜಿನ ನೋಟ್ಸನ್ನು ಮೂಲೆಗೆ ಹಾಕಬೇಡಿ.

ಮೂರನೆಯದು, ಹಳೆಯ ಪ್ರಶ್ನೆಪತ್ರಿಕೆ. ಇವು ಜಾಮ್‌ನ ಅಧಿಕೃತ ಜಾಲತಾಣದಲ್ಲಿ ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತವೆ. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಮೊದಲ 30 ಪ್ರಶ್ನೆಗಳಲ್ಲಿ ಒಂದೇ ಸರಿ ಉತ್ತರ ಆರಿಸಬೇಕು. ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಳೆಯುತ್ತಾರೆ. ಮುಂದಿನ 10ರಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದು. ಸರಿಯಾದವನ್ನೆಲ್ಲ ಗುರುತಿಸಿದರೆ ಮಾತ್ರ ಅಂಕ, ಅರ್ಧಂಬರ್ಧಕ್ಕೆ ಏನೂ ಇಲ್ಲ. ಕೊನೆಯ 20ರಲ್ಲಿ ಆಯ್ಕೆಗಳೇ ಇಲ್ಲ, ಉತ್ತರದ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ನಾವೇ ತುಂಬಬೇಕು. ಈ 30 ಪ್ರಶ್ನೆಗಳಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಇದನ್ನು ತಿಳಿಯದೆ ಖಾಲಿ ಬಿಟ್ಟು ಬಂದ ಮಕ್ಕಳನ್ನು ನೋಡಿದ್ದೇವೆ.

ಪುಸ್ತಕ ಯಾವುದು ಬೇಕೆಂಬುದೂ ಈ ಪತ್ರಿಕೆಗಳಿಂದಲೇ ಗೊತ್ತಾಗುತ್ತದೆ. ಒಂದು ಉದಾಹರಣೆ. ಗ್ರೂಪ್ ಥಿಯರಿಯಲ್ಲಿ ಲಗ್ರಾಂಜ್ ಪ್ರಮೇಯ ಎಂದಿದೆ. ಒಂದು ಗ್ರೂಪಿನಲ್ಲಿ 12 ಅಂಶಗಳಿದ್ದರೆ, ಅದರೊಳಗಿನ ಸಬ್‌ಗ್ರೂಪಿನ ಅಂಶಗಳ ಸಂಖ್ಯೆ 12ನ್ನು ಶೇಷವಿಲ್ಲದೆ ಭಾಗಿಸಬೇಕು ಎನ್ನುತ್ತದೆ. ಗೈಡಿನಲ್ಲಿ ಇದು ಒಂದು ಸಾಲು, ಚೌಕಟ್ಟಿನೊಳಗೆ. ಆದರೆ ಪರೀಕ್ಷೆಯಲ್ಲಿ ತಿರುಗಿಸಿ ಕೇಳಬಹುದು: 6 ಎಂಬುದು 12ನ್ನು ಭಾಗಿಸುತ್ತದಲ್ಲ, ಹಾಗಾದರೆ 12 ಅಂಶಗಳ ಪ್ರತಿ ಗ್ರೂಪಿನಲ್ಲೂ 6 ಅಂಶಗಳ ಸಬ್‌ಗ್ರೂಪ್ ಇರಲೇಬೇಕೆ? ಇರಬೇಕಾಗಿಲ್ಲ. ಎ-4 ಎಂಬ ಗ್ರೂಪಿನಲ್ಲಿ 12 ಅಂಶಗಳಿವೆ, 6 ಅಂಶಗಳ ಸಬ್‌ಗ್ರೂಪ್ ಇಲ್ಲ. ಚೌಕಟ್ಟಿನ ಸಾಲನ್ನು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಎ-4 ಅನ್ನು ಒಮ್ಮೆ ಕೈಯಾರೆ ಬರೆದು ನೋಡಿದವರು ಎಡವುವುದಿಲ್ಲ.

ಆದ್ದರಿಂದ ನಾಲ್ಕನೆಯದು, ಒಂದು ವಿಷಯಕ್ಕೆ ಒಂದೇ ಮೂಲ ಪುಸ್ತಕ. ರಿಯಲ್ ಅನಾಲಿಸಿಸ್‌ಗೆ ಬಾರ್ಟಲ್ ಮತ್ತು ಶೆರ್ಬರ್ಟ್, ಇಲ್ಲವೇ ಅಜಿತ್ ಕುಮಾರ್ ಮತ್ತು ಎಸ್. ಕುಮರೇಶನ್ ಬರೆದದ್ದು. ಗ್ರೂಪ್ ಥಿಯರಿಗೆ ಗ್ಯಾಲಿಯನ್. ಲೀನಿಯರ್ ಆಲ್ಜೀಬ್ರಾಗೆ ಕುಮರೇಶನ್. ಡಿಫರೆನ್ಷಿಯಲ್ ಸಮೀಕರಣಕ್ಕೆ ಸಿಮನ್ಸ್. ರುಡಿನ್, ಹರ್ಸ್ಟೈನ್, ಹಾಫ್‌ಮನ್-ಕುನ್ಜೆ ದೊಡ್ಡ ಹೆಸರುಗಳು, ಒಳ್ಳೆಯ ಪುಸ್ತಕಗಳು. ಆದರೆ ಒಬ್ಬರೇ ಕೂತು ಓದುವ ಮಕ್ಕಳು ಅಲ್ಲಿಂದ ಶುರು ಮಾಡಿದರೆ ಧೈರ್ಯ ಕುಂದುತ್ತದೆ. ಅವು ಎರಡನೇ ಸುತ್ತಿಗಿರಲಿ.

ಪುಸ್ತಕ ನಿಮಗೆ ಹೊಂದುತ್ತದೋ ಇಲ್ಲವೋ ಎಂದು ನೋಡಲು ಸುಲಭದ ದಾರಿಯಿದೆ. ಕಾಲೇಜಿನಲ್ಲಿ ಆಗಲೇ ಮುಗಿದಿರುವ ಒಂದು ಅಧ್ಯಾಯವನ್ನು ಗ್ರಂಥಾಲಯದಲ್ಲಿ ಕೂತು ಅದರಲ್ಲಿ ಓದಿ. ಕೊನೆಯ ಅಭ್ಯಾಸದಿಂದ ಹತ್ತು ಲೆಕ್ಕ ಮಾಡಿ. ಒಂದೂ ಆಗದಿದ್ದರೆ ಆ ಪುಸ್ತಕ ಸದ್ಯಕ್ಕೆ ಬೇಡ. ಹತ್ತೂ ಐದು ನಿಮಿಷದಲ್ಲಿ ಆದರೂ ಬೇಡ. ನಾಲ್ಕೈದು ಆಗಿ, ಉಳಿದವು ರಾತ್ರಿ ಮಲಗಿದಾಗಲೂ ತಲೆ ತಿನ್ನುತ್ತಿದ್ದರೆ ಅದೇ ನಿಮ್ಮ ಪುಸ್ತಕ.

ಕೋಚಿಂಗ್ ನೋಟ್ಸ್ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಕೊನೆಯ ಎರಡು ತಿಂಗಳು ಪುನರಾವರ್ತನೆಗೆ ಒಂದು ಲೆಕ್ಕಗಳ ಸಂಗ್ರಹ, ಸಮಯ ಹಿಡಿದು ಬರೆಯಲು ಒಂದು ಟೆಸ್ಟ್ ಸೀರೀಸ್ ಇದ್ದರೆ ಒಳ್ಳೆಯದೇ. ಅದು ಊಟದ ಜೊತೆಗಿನ ಉಪ್ಪಿನಕಾಯಿ ಇದ್ದ ಹಾಗೆ, ಅದೇ ಊಟವಲ್ಲ. ವಿಡಿಯೊ ಪಾಠ ಬೇಕಾದರೆ ಐಐಟಿ ಮತ್ತು ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಉಚಿತ. ಆದರೆ ನೋಡಿದ್ದು ಬಂದ ಹಾಗಲ್ಲ. ಒಂದು ಗಂಟೆ ನೋಡಿದರೆ ಎರಡು ಗಂಟೆ ಪೆನ್ನು ಹಿಡಿಯಬೇಕು. ಪರೀಕ್ಷೆಗಾಗಿ ಅಲ್ಲದೆ ಗಣಿತದ ಮೇಲಿನ ಪ್ರೀತಿಯಿಂದ ಓದುವವರು ಎಂಟಿಟಿಎಸ್ ಬೇಸಿಗೆ ಶಿಬಿರಕ್ಕೆ ಅರ್ಜಿ ಹಾಕಿ. ಕುಮರೇಶನ್ ಅವರೇ 1993ರಲ್ಲಿ ಆರಂಭಿಸಿದ ಶಿಬಿರ ಅದು. ಪ್ರಶ್ನೆ ಕೇಳುವುದನ್ನು ಕಲಿಸುತ್ತದೆ.

ಇನ್ನೊಂದು ಸಂಕಟ ಭಾಷೆ. ಜಾಮ್ ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಲೆಕ್ಕ ಗೊತ್ತಿದ್ದರೂ ಪ್ರಶ್ನೆಯ ಮುಂದೆ ನಿಂತುಬಿಡುತ್ತಾರೆ. ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಬೇಕಾಗಿಲ್ಲ. “ಪ್ರತಿಯೊಂದಕ್ಕೂ”, “ಕನಿಷ್ಠ ಒಂದಾದರೂ ಇದೆ”, “ಆದರೆ ಮತ್ತು ಆದರೆ ಮಾತ್ರ” ಎಂಬ ಅರ್ಥ ಕೊಡುವ ಕೆಲವೇ ಮಾತುಗಳು ಪದೇಪದೇ ಬರುತ್ತವೆ. ಅವನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ನಿಮ್ಮ ಭಾಷೆಯ ಅರ್ಥ ಬರೆದುಕೊಳ್ಳಿ. ಮೂಲ ಪುಸ್ತಕ ಓದುತ್ತಾ ಹೋದರೆ ಉಳಿದದ್ದು ತಾನಾಗಿ ಬರುತ್ತದೆ.

ಈಗ ದಾನಿಗಳಲ್ಲಿ ಒಂದು ವಿನಂತಿ. ನಿಮ್ಮ ಹಣ ನಮ್ಮ ಕೈಯಲ್ಲಿರುವ ಅಮಾನತ್ತು. ಕಟ್ಟು ಕಟ್ಟು ಪುಸ್ತಕ ಕೊಡಿಸಿದರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಮಕ್ಕಳು ನಿಂತುಹೋಗುವುದು ಬೇರೆ ಕಡೆ. ಜಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಆ ಹೊತ್ತಿಗೆ ಹೊಗೆಸೊಪ್ಪಿನ ಹರಾಜು ಆಗತಾನೇ ಶುರುವಾಗಿರುತ್ತದೆ, ಮನೆಗೆ ಇನ್ನೂ ದುಡ್ಡು ಬಂದಿರುವುದಿಲ್ಲ. ಬ್ಯಾರನ್ ಕೆಲಸಕ್ಕೆ, ಕೂಲಿಗೆ ಹೋಗುವ ಮನೆಗಳ ಮಾತು ಹೇಳುವುದೇ ಬೇಡ. ಅರ್ಜಿ ಶುಲ್ಕಕ್ಕೆ ಯಾರನ್ನು ಕೇಳುವುದೆಂದು ಸುಮ್ಮನಾದ ಮಕ್ಕಳಿದ್ದಾರೆ. ಹೆಣ್ಣುಮಕ್ಕಳಿಗೆ ಆ ಶುಲ್ಕ ಕಡಿಮೆ ಎಂಬುದೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಹಾಗಾಗಿ ಈ ವರ್ಷ ಪುಸ್ತಕದ ಕಟ್ಟು ಕೊಡುವುದಿಲ್ಲ. ಅರ್ಜಿ ಶುಲ್ಕ, ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚು (ಹೆಣ್ಣುಮಕ್ಕಳ ಜೊತೆ ಹೋಗುವವರ ಖರ್ಚೂ ಸೇರಿ), ಹಳೆಯ ಪತ್ರಿಕೆಗಳ ಮುದ್ರಣ, ಒಂದು ಟೆಸ್ಟ್ ಸೀರೀಸ್ ಇವನ್ನು ಟ್ರಸ್ಟ್ ಭರಿಸುತ್ತದೆ. ಮೂಲ ಪುಸ್ತಕಗಳನ್ನು ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಎರವಲಿಗೆ ಇಡುತ್ತೇವೆ. ಒಂದು ಪುಸ್ತಕ ಓದಿ, ಮಾಡಿದ ಲೆಕ್ಕಗಳ ನೋಟ್‌ಬುಕ್ ತೋರಿಸಿದ ಮೇಲೆ ಮುಂದಿನದು. ಲೆಕ್ಕ ತಪ್ಪಾಗಿದ್ದರೂ ಪರವಾಗಿಲ್ಲ, ಮಾಡಿರಬೇಕು. ಬಿ.ಎಸ್ಸಿ. ಎರಡನೇ ವರ್ಷದಲ್ಲಿರುವವರೂ ಅರ್ಜಿ ಹಾಕಬಹುದು. ಕೊನೆಯ ವರ್ಷದ ಡಿಸೆಂಬರಿನಲ್ಲಿ ಎಚ್ಚರವಾದರೆ ಯಾವ ಪುಸ್ತಕವೂ ಕೈ ಹಿಡಿಯುವುದಿಲ್ಲ.

ತಂದೆತಾಯಿಯರೇ, ನೀವು ಗಣಿತ ಹೇಳಿಕೊಡಬೇಕಾಗಿಲ್ಲ. ದಿನಕ್ಕೆ ಎರಡು ಗಂಟೆ ಆ ಮಗುವನ್ನು ಯಾವ ಕೆಲಸಕ್ಕೂ ಕರೆಯದಿದ್ದರೆ ಸಾಕು. ಮದುವೆ ಮಾತುಕತೆ ಬಂದರೆ ಪರೀಕ್ಷೆ ಮುಗಿಯುವವರೆಗಾದರೂ ತಡೆಯಿರಿ.

ಮಕ್ಕಳೇ, ಅಂದು ತಲೆ ತಗ್ಗಿಸಿ ನಿಂತಿದ್ದ ಹುಡುಗಿ ಈಗ ಮತ್ತೆ ಓದುತ್ತಿದ್ದಾಳೆ. ಈ ಸಲ ಅವಳ ಕೈಯಲ್ಲಿರುವುದು ಒಂದೇ ಪುಸ್ತಕ. ಕಳೆದ ತಿಂಗಳು ನೋಡಿದಾಗ ಅದರ ಅಂಚೆಲ್ಲ ಮಡಚಿ ಹೋಗಿತ್ತು, ಒಂದು ಪುಟದ ಮೇಲೆ ಟೀ ಕಲೆ. ಅವಳ ತಾಯಿ ಬೇಜಾರು ಮಾಡಿಕೊಂಡರು. ನಾವು ಹೇಳಿದೆವು, “ಇರಲಿ ಬಿಡಿ ಅಮ್ಮಾ, ನಮಗೆ ಬೇಕಾಗಿದ್ದದ್ದು ಇದೇ.”